ಎರಡರ ಮುಂದೆ ಮೂವತ್ತಾರು ಸೊನ್ನೆ

ರಷ್ಯಾದಲ್ಲಿ ಗೂಗಲ್ ಕಂಪನಿಯ ಮೇಲೆ ಬಿದ್ದ ದಂಡದ ಬಾಕಿ 2024ರ ಅಕ್ಟೋಬರಿನ ಹೊತ್ತಿಗೆ ಎರಡರ ಮುಂದೆ ಮೂವತ್ತಾರು ಸೊನ್ನೆ ಇಟ್ಟಷ್ಟು ರೂಬಲ್ ಆಯಿತೆಂಬುದನ್ನು ಎಲ್ಲರೂ ಓದಿ ನಕ್ಕಾಗಿದೆ. ಆ ಸಂಖ್ಯೆಯ ಯೋಗಕ್ಷೇಮವನ್ನು ಮಾತ್ರ ಯಾರೂ ವಿಚಾರಿಸಲಿಲ್ಲ. ಅಧ್ಯಕ್ಷರ ವಕ್ತಾರ ದ್ಮಿತ್ರಿ ಪೆಸ್ಕೋವ್ ಅವರಂತೂ ಅದನ್ನು ಉಚ್ಚರಿಸಲೂ ತಮ್ಮಿಂದಾಗದು, ಆದರೂ ಅದರಲ್ಲಿ ಸಾಂಕೇತಿಕತೆ ತುಂಬಿದೆ ಎಂದು ಹೇಳಿ ಕೈತೊಳೆದುಕೊಂಡರು.

ಉಚ್ಚಾರಣೆಯ ತೊಂದರೆಗೆ ನಮ್ಮಲ್ಲಿ ಅರ್ಧ ಪರಿಹಾರವಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಏಕ, ದಶದಿಂದ ಹಿಡಿದು ಖರ್ವ, ಪದ್ಮ, ಶಂಖಗಳನ್ನು ದಾಟಿ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರಿಟ್ಟಿದ್ದಾರೆ. ಮಹಾಕ್ಷೋಭವೆಂದರೆ ಒಂದರ ಮುಂದೆ 23 ಸೊನ್ನೆ. ಆ ಲೆಕ್ಕದಲ್ಲಿ ಮಾಸ್ಕೋದ ದಂಡ 20 ಲಕ್ಷ ಕೋಟಿ ಮಹಾಕ್ಷೋಭ. ಪೆಸ್ಕೋವ್ ಅವರು ಧಾರಾಳವಾಗಿ ಬಳಸಿಕೊಳ್ಳಬಹುದು. ಒಂಬತ್ತನೆಯ ಶತಮಾನದ ಆ ಜೈನ ಪಂಡಿತರು ಇಷ್ಟೆಲ್ಲ ಹೆಸರಿಟ್ಟರೂ ಅಷ್ಟು ಹಣವನ್ನು ಯಾರಿಂದಲೂ ವಸೂಲಿ ಮಾಡಲು ಹೊರಟವರಲ್ಲ.

ನ್ಯಾಯಾಲಯದ ಲೆಕ್ಕ ಸರಳವಾಗಿತ್ತು. ಯೂಟ್ಯೂಬ್ ಮುಚ್ಚಿದ ರಷ್ಯನ್ ಟಿವಿ ಚಾನೆಲ್ಲುಗಳನ್ನು ಮತ್ತೆ ತೆರೆಯುವವರೆಗೆ ದಿನಕ್ಕೆ ಒಂದು ಲಕ್ಷ ರೂಬಲ್, ವಾರಕ್ಕೊಮ್ಮೆ ಅದು ದುಪ್ಪಟ್ಟು, ಮೇಲ್ಮಿತಿಯೆಂಬುದಿಲ್ಲ. ದೂರುದಾರ ಚಾನೆಲ್ಲುಗಳು ಹದಿನೇಳಿದ್ದರೂ ಒಂದರ ಲೆಕ್ಕವೇ 102ನೆಯ ವಾರದಲ್ಲಿ ಈ ಮೊತ್ತವನ್ನು ದಾಟುತ್ತದೆ. ದುಪ್ಪಟ್ಟು ಎಂದು ಬರೆದ ನ್ಯಾಯಮೂರ್ತಿಗಳು ಎರಡು ವರ್ಷ ಮುಂದಕ್ಕೆ ಒಮ್ಮೆ ಪೆನ್ಸಿಲ್ ಓಡಿಸಿದ್ದರೂ ಸಾಕಿತ್ತು.

ಇನ್ನು ಈ ಸಂಯುಕ್ತ ಸಂಖ್ಯೆಯ ಗುಣಗಳು. ಅಂತರಜಾಲದಲ್ಲಿ ಗುಟ್ಟು ಕಾಯುವ ಎಷ್ಟೋ ಬೀಗಗಳು ನಿಂತಿರುವುದೇ ಯಾರಿಂದಲೂ ಅಪವರ್ತಿಸಲಾಗದ ದೊಡ್ಡ ಸಂಯುಕ್ತ ಸಂಖ್ಯೆಗಳ ಮೇಲೆ. ಇದಾದರೋ ಹೈಸ್ಕೂಲು ಮಕ್ಕಳಿಗೂ ಶರಣಾಗುತ್ತದೆ. ಎರಡರ 37ನೆಯ ಘಾತ, ಐದರ 36ನೆಯ ಘಾತ, ಅಷ್ಟೇ. ಒಟ್ಟು 1406 ಅಪವರ್ತನಗಳಿದ್ದರೂ ಅವುಗಳಲ್ಲಿ ಹದಿನೇಳು ಇಲ್ಲ. ಅಂದರೆ ಗೂಗಲ್ ನಾಳೆಯೇ ಪೂರ್ತಿ ಹಣ ತಂದು ಸುರಿದರೂ ಹದಿನೇಳು ಚಾನೆಲ್ಲುಗಳು ಸಮನಾಗಿ ಹಂಚಿಕೊಳ್ಳಲಾರವು. ಎಂಟು ರೂಬಲ್ ಶೇಷ ಉಳಿಯುತ್ತದೆ. ಆ ಎಂಟು ರೂಬಲ್ಲಿಗಾಗಿ ಹೊಸ ದಾವೆ ಹೂಡಿ, ವಾರಕ್ಕೊಮ್ಮೆ ದುಪ್ಪಟ್ಟು ಎಂದು ಆದೇಶ ಪಡೆಯಲು ಅಡ್ಡಿಯಿಲ್ಲ.

ಏಳರಿಂದಲೂ ಇದು ಭಾಗವಾಗುವುದಿಲ್ಲ. ಪೂರ್ತಿ ವಾರಗಳ ದಂಡವೆಂದರೆ ಮೊತ್ತ ಏಳರಿಂದ ನಿಶ್ಶೇಷವಾಗಿ ಭಾಗವಾಗಲೇಬೇಕು. ಆದ್ದರಿಂದ ಪತ್ರಿಕೆಗಳು ಅಚ್ಚು ಹಾಕಿದ್ದು ದುಂಡಗೆ ಮಾಡಿದ ಅಂಕಿಯೆಂದು ಬೇರೆ ಸಾಕ್ಷಿಯಿಲ್ಲದೆಯೇ ಹೇಳಬಹುದು, ಮತ್ತು ಹಾಗೆ ದುಂಡಗೆ ಮಾಡುವಾಗ ಅತ್ತಿತ್ತ ಸರಿದ ಚಿಲ್ಲರೆಯೇ ಭೂಮಿಯ ಮೇಲಿನ ಎಲ್ಲ ಹಣಕ್ಕಿಂತ ದೊಡ್ಡದಿರಬಹುದು. ಕಂಪನಿಯ ರಷ್ಯನ್ ಶಾಖೆ 2022ರಲ್ಲೇ ದಿವಾಳಿ ಅರ್ಜಿ ಹಾಕಿತ್ತೆಂಬುದು ಈ ಮಹಾಗಣಿತದ ಮುಂದೆ ಕ್ಷುಲ್ಲಕ ವಿವರ.

ಆದರೆ ಅದೇ ದೇಶದ ನ್ಯಾಯಾಲಯಗಳಿಗೆ ಸಣ್ಣ ಸಂಖ್ಯೆಗಳನ್ನು ಬಳಸುವುದು ಚೆನ್ನಾಗಿಯೇ ಗೊತ್ತಿದೆ. ಮಾಸ್ಕೋದ ಸ್ಥಳೀಯ ಕೌನ್ಸಿಲರ್ ಅಲೆಕ್ಸೆಯ್ ಗೊರಿನೋವ್ ಅವರು ಮಕ್ಕಳ ಚಿತ್ರಕಲಾ ಸ್ಪರ್ಧೆಯ ಕುರಿತು ನಡೆದ ಸಭೆಯಲ್ಲಿ, ಉಕ್ರೇನಿನಲ್ಲಿ ಮಕ್ಕಳು ಸಾಯುತ್ತಿರುವಾಗ ಇದೆಲ್ಲ ಹೇಗೆ ಸಾಧ್ಯ ಎಂದು ಕೇಳಿದ್ದಕ್ಕೆ 2022ರ ಜುಲೈಯಲ್ಲಿ ಏಳು ವರ್ಷ ಜೈಲು ವಿಧಿಸಲಾಯಿತು. ಆ ಏಳನ್ನು ಯಾರಾದರೂ ಉಚ್ಚರಿಸಬಹುದು. ಅದರಲ್ಲಿ ನಗುವಂಥದ್ದು ಏನೂ ಇಲ್ಲ, ಸಾಂಕೇತಿಕವಾದದ್ದೂ ಏನೂ ಇಲ್ಲ; ದಿನ ದಿನವೂ ವಸೂಲಾಗುತ್ತಿದ್ದ ಶಿಕ್ಷೆ ಅದು. ಗೂಗಲ್ ದಂಡದ ಸುದ್ದಿಗೆ ಜಗತ್ತು ನಕ್ಕು ತಿಂಗಳು ಕಳೆಯುವಷ್ಟರಲ್ಲಿ, 2024ರ ನವೆಂಬರಿನಲ್ಲಿ, ಅದೇ ಕೈದಿಗೆ ಇನ್ನೊಂದು ಮೊಕದ್ದಮೆಯಲ್ಲಿ ಮತ್ತೆ ಶಿಕ್ಷೆಯಾಯಿತು.