ನಲ್ಲಿಗೆ ಜರಡಿ, ಪೈಪಿಗೆ ತೂತು

ಮಾರುಕಟ್ಟೆಗೆ ಮಾವು ಬರುವ ಮೊದಲೇ ಬೆಂಗಳೂರಿಗೆ ಜಲಮಂಡಳಿಯ ಆದೇಶ ಬರುತ್ತದೆ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ. ಗಿಡಕ್ಕೆ ಹಾಕಿದರೂ ಅಷ್ಟೇ. ಬುದ್ಧಿ ಕಲಿಯದಿದ್ದರೆ ದಿನಕ್ಕೆ 500 ಜಾಸ್ತಿ. 2024ರ ಮಾರ್ಚಿನಲ್ಲಿ ಬಂತು, 2025ರ ಫೆಬ್ರವರಿಯಲ್ಲೂ ಬಂತು. ಯುಗಾದಿಗೆ ಮುಂಚಿನ ಹಬ್ಬ ಅಂತ ಕ್ಯಾಲೆಂಡರಿನಲ್ಲೇ ಅಚ್ಚು ಹಾಕಿಸಿಬಿಡಬಹುದು.

ಮೊದಲ ಸಲ ಮೂರು ದಿನದಲ್ಲಿ 22 ಮನೆಯವರನ್ನು ಹಿಡಿದು 1.1 ಲಕ್ಷ ವಸೂಲಿ ಮಾಡಿದರು. ಕೋಟಿ ದಾಟಿದ ಜನ ಇರುವ ಊರಲ್ಲಿ ನೀರು ಪೋಲು ಮಾಡುವವರು ಬರೀ 22 ಮನೆ! ಎಂಥಾ ಶಿಸ್ತಿನ ಊರು, ಅಲ್ವಾ? ಆ 22 ಮನೆಗಳ ಬಗ್ಗೆ ನನಗೆ ಇವತ್ತಿಗೂ ಕುತೂಹಲ. ಸಿಕ್ಕಿಬಿದ್ದಿದ್ದು ಹೇಗೆ? ಎದುರು ಮನೆಯವರು ಫೋಟೊ ತೆಗೆದು ಕಳಿಸಿದರಾ? ಪಾರ್ಕಿಂಗ್ ಜಗಳದ ಹಳೇ ಬಾಕಿ ಚುಕ್ತಾ ಆಯಿತಾ? ಬಕೆಟಿನಲ್ಲಿರುವುದು ಕಾವೇರಿಯೋ ಬೋರ್‌ವೆಲ್ಲೋ ಅಂತ ರಸ್ತೆಯಲ್ಲಿ ನಿಂತು ತೀರ್ಪು ಕೊಟ್ಟ ಪುಣ್ಯಾತ್ಮ ಯಾರು? ಬಾಯಿಗೆ ಹಾಕಿ ನೋಡಿದರಾ? ಕಾರಿಗೆ ಶಾಂಪೂ ಹಾಕಿಸಿ ನೋಡಿರಬೇಕು. ನೊರೆ ಬಂದರೆ ಕಾವೇರಿ, 5,000 ತೆಗೀರಿ. ಬರದಿದ್ದರೆ ಬೋರ್ ನೀರು, ಪಾಪ ಬಿಟ್ಟುಬಿಡಿ.

ಆಮೇಲೆ ಬಂದಿದ್ದು ಏರೇಟರ್. ಅಪಾರ್ಟ್‌ಮೆಂಟು, ಹೋಟೆಲು, ಆಫೀಸುಗಳಿಗೆ ಕಡ್ಡಾಯ ಅಂದರು. ನಲ್ಲಿಯ ಮೂತಿಗೆ ತಿರುಪುವ ಪುಟ್ಟ ಜರಡಿ ಅದು. ನೀರಿಗೆ ಗಾಳಿ ಬೆರೆಸುತ್ತದೆ. ಕೈ ತುಂಬಾ ನೀರು ಬಿದ್ದ ಹಾಗನ್ನಿಸುತ್ತದೆ, ಬಿದ್ದಿರುವುದು ಸ್ವಲ್ಪವೇ. ಸುಮ್ನೆ ಹೇಳುತ್ತಿಲ್ಲ, ಒಳ್ಳೆಯ ವಸ್ತುವೇ. ಆದರೆ ಈ ತಂತ್ರ ನಮ್ಮ ಬಡಾವಣೆಗಳಿಗೆ ಹೊಸದಲ್ಲ. ನೀರು ಬಿಡುವ ದಿನ ನಲ್ಲಿ ತಿರುಗಿಸಿ ನೋಡಿ. ಮೊದಲು ಬರುವುದೇ ಗಾಳಿ. ಬುಸ್ಸ್ ಅಂತ ಬರುತ್ತದೆ, ಮೀಟರ್ ಗಿರಗಿರ ತಿರುಗುತ್ತದೆ. ನಾವು ಯಾವ ಕಾಲದಿಂದಲೋ ಏರೇಟರ್ ಇಲ್ಲದೆಯೇ ಏರೇಟ್ ಆದವರು.

ಬೋರ್ ನೀರಿನ ಮನೆಗಳಲ್ಲಿ ಇದರ ಕಥೆಯೇ ಬೇರೆ. ಕೆಲವೇ ತಿಂಗಳಲ್ಲಿ ಜರಡಿಗೆ ಬಿಳೀ ಉಪ್ಪು ಕಟ್ಟಿಕೊಳ್ಳುತ್ತದೆ. ನೀರು ನೇರ ಬೀಳುವುದು ಬಿಟ್ಟು ಸೊಟ್ಟಗೆ ಚಿಮ್ಮುತ್ತದೆ. ಪಾತ್ರೆಯೊಂದನ್ನು ಬಿಟ್ಟು ಸಿಂಕಿನ ಸುತ್ತ ಎಲ್ಲವೂ ಒದ್ದೆ. ಒಂದು ದಿನ ಯಜಮಾನರು ಪಕ್ಕಡ್ ಹಿಡಿದು ಅದನ್ನು ಬಿಚ್ಚುತ್ತಾರೆ, ನಿಂಬೆಹಣ್ಣು ಉಜ್ಜಿ ಹಾಕ್ತೀನಿ ಅಂತ ಕಿಟಕಿ ಮೇಲೆ ಇಡುತ್ತಾರೆ. ಅದು ಅಲ್ಲೇ ಇರುತ್ತದೆ.

ಇನ್ನು ಮೋಟ್ರು. ಜಲಸಾಕ್ಷರತೆ ಅಂತ ಭಾಷಣ ಮಾಡುವವರು ಒಮ್ಮೆ ಸಂಜೆ ಯಾವುದಾದರೂ ಲೇಔಟಿನಲ್ಲಿ ವಾಕಿಂಗ್ ಹೋಗಬೇಕು. ಮೂರನೇ ಮಹಡಿಯ ಟ್ಯಾಂಕ್ ತುಂಬಿ, ಧೋ ಅಂತ ನೀರು ಕಾಂಪೌಂಡ್ ದಾಟಿ ರಸ್ತೆಗೆ ಬರುತ್ತಿರುತ್ತದೆ. "ರೀ, ಟ್ಯಾಂಕ್ ತುಂಬ್ತು, ಮೋಟ್ರು ಆಫ್ ಮಾಡ್ರೀ!" ಬೀದಿಯೆಲ್ಲಾ ಕೂಗುತ್ತದೆ. ಒಳಗೆ ಧಾರಾವಾಹಿಯಲ್ಲಿ ಅತ್ತೆ ಸೊಸೆಗೆ ವಿಷ ಹಾಕುವ ಘಟ್ಟ. ಜಾಹೀರಾತು ಬಂದ ಮೇಲೆ ಬಾಲ್ಕನಿಗೆ ಒಂದು ತಲೆ ಬರುತ್ತದೆ: "ಹೌದಾ? ನಮ್ದಾ?" ಮನೆಗೆ ಇಟಾಲಿಯನ್ ಮಾರ್ಬಲ್ ಹಾಕಿಸಿದವರಿಗೆ ಟ್ಯಾಂಕ್ ತುಂಬಿದರೆ ಮೋಟ್ರನ್ನು ತಾನೇ ಆಫ್ ಮಾಡುವ ಫ್ಲೋಟ್ ಸ್ವಿಚ್ ಹಾಕಿಸುವಷ್ಟರಲ್ಲಿ ಬಜೆಟ್ ಮುಗಿದಿರುತ್ತದೆ.

ಮಳೆ ನೀರಿನದ್ದು ಇನ್ನೂ ಚೆನ್ನಾಗಿದೆ. ಕೊಯ್ಲು ಕಡ್ಡಾಯ ಅಂತ 2009ರಲ್ಲೇ ಕಾನೂನಾಯಿತು. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 1,200 ಚದರಡಿ ತಾರಸಿಯ ಮೇಲೆ ಲಕ್ಷ ಲೀಟರಿಗೂ ಜಾಸ್ತಿ ನೀರು ಬೀಳುತ್ತದೆ, ಪುಕ್ಕಟೆ. ನಾವೇನು ಮಾಡಿದೆವು? ತಾರಸಿಯಿಂದ ಪೈಪು ಇಳಿಸಿ, ನೀಲಿ ಡ್ರಮ್ಮಿಗೆ ಸೇರಿಸಿ, ಫೋಟೊ ತೆಗೆದೆವು. ಡ್ರಮ್ಮಿನಿಂದ ಮುಂದಕ್ಕೆ ಏನೂ ಇಲ್ಲ. ಕೆಲವರು ಇಷ್ಟು ನಾಟಕವೂ ಆಡಲಿಲ್ಲ. ತಿಂಗಳು ತಿಂಗಳು ನೀರಿನ ಬಿಲ್ಲಿನ ಜೊತೆಗೇ ದಂಡ ಕಟ್ಟಿ, ಮಳೆಯನ್ನು ಚರಂಡಿಗೆ ಬಿಟ್ಟು, ಬೇಸಿಗೆಯಲ್ಲಿ ಟ್ಯಾಂಕರಿಗೆ ಫೋನ್ ಹಚ್ಚುತ್ತಾರೆ. 12,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗಾದರೆ ಸಾವಿರ ರೂಪಾಯಿ ಅಂತ 2024ರಲ್ಲಿ ಜಿಲ್ಲಾಡಳಿತ ದರ ಕಟ್ಟಿತ್ತು. ಅದೇ ದರಕ್ಕೆ ಅದೇ ದಿನ ನೀರು ತರಿಸಿಕೊಂಡವರು ಇದ್ದರೆ ಹೇಳಿ, ಮೈಸೂರು ಪೇಟ ತೊಡಿಸಿ ಸನ್ಮಾನ ಮಾಡೋಣ.

ಆ ಟ್ಯಾಂಕರಿನ ಹಿಂದೆ ಬೈಕಿನಲ್ಲಿ ಹೋಗಿದ್ದೀರಾ? ಮೇಲೆ ಮುಚ್ಚಳದಿಂದ ತುಳುಕಿ, ಕೆಳಗೆ ವಾಲ್ವಿನಿಂದ ಸೋರಿ, ರಸ್ತೆಯುದ್ದಕ್ಕೂ ಗೆರೆ ಎಳೆದುಕೊಂಡು ಹೋಗುತ್ತದೆ. ಅದಕ್ಕೆ ಏರೇಟರ್ ಇಲ್ಲ.

ಸಾಕು, ತಮಾಷೆ ಮಾಡಿ ಮಾಡಿ ಸುಸ್ತಾಗಿದೆ. ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿ ಕಾವೇರಿಯನ್ನು ಈ ಊರಿಗೆ ತರುತ್ತೇವೆ. ಬಂದಿದ್ದರಲ್ಲಿ ಕಾಲು ಭಾಗದಷ್ಟು ತೂತು ಪೈಪು, ಕಳ್ಳ ಕನೆಕ್ಷನ್ನು, ಕೆಟ್ಟ ಮೀಟರುಗಳ ಪಾಲಾಗುತ್ತದೆ. 2024ರ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್. ಸಂತೋಷ. ಅದರಲ್ಲೂ ಕಾಲು ಭಾಗ ಹೋದರೆ 5,000 ಯಾರು ಕಟ್ಟುತ್ತಾರೆ? ಬೋರ್ಡಿನ ಮೇಲೆ 'ಹನಿ ಹನಿ ಉಳಿಸಿ' ಅಂತ ಬರೆಸಿದವರು ಯಾರಿಗೆ ಹೇಳುತ್ತಿದ್ದಾರೆ? ಟ್ಯಾಂಕರ್ ಬಂದಾಗ ಎರಡು ಬಿಂದಿಗೆ ತುಂಬಿಸಿಟ್ಟು, ಅಕ್ಕಿ ತೊಳೆದ ನೀರಲ್ಲೇ ಪಾತ್ರೆ ಗಲಬರಿಸಿ, ಆಮೇಲೆ ನಮ್ಮ ಮನೆಗಳಿಗೆ ಕೆಲಸಕ್ಕೆ ಬರುವ ಹೆಂಗಸಿಗಾ? ಅವಳಿಗೆ "ನಲ್ಲಿ ಸಣ್ಣಗೆ ಬಿಡಮ್ಮ" ಅಂತ ಹೇಳಿ, ನಾವು ಒಳಗೆ ಹೋಗಿ ಶವರ್ ಕೆಳಗೆ ನಿಲ್ಲುತ್ತೇವೆ. ನಾಚಿಕೆಯಾಗಬೇಕು.

ಇದರ ಮಧ್ಯೆ ಕೆಆರ್‌ಎಸ್‌ನಲ್ಲಿ ಕಾವೇರಿ ಆರತಿ ಮಾಡಲು 92 ಕೋಟಿ ರೂಪಾಯಿಯ ಯೋಜನೆ ಬಂತು. ಅಷ್ಟು ದುಡ್ಡಿಗೆ ನಲ್ಲಿಗೆ ಹಾಕುವ ವಾಷರ್ ಎಷ್ಟು ಬರಬಹುದು ಅಂತ ನಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಯವರನ್ನು ಕೇಳಿದೆ. ಅವರು ತಲೆ ಎತ್ತದೆ ಡಬ್ಬ ತೆಗೆದರು.

"ಯಾವ ಸೈಜು ಸಾರ್? ಅರ್ಧ ಇಂಚಾ, ಮುಕ್ಕಾಲಾ?"