ಪ್ಲಗ್ ಹಾಕುವ ಮೊದಲು ಮುಚ್ಚಳ ಬಿಚ್ಚಿ

ಹಳೆಯ ಕಂಪ್ಯೂಟರ್ ಕೈಗೆ ಸಿಕ್ಕ ತಕ್ಷಣ ಎಲ್ಲರೂ ಕೇಳುವುದು ಒಂದೇ, "ಆನ್ ಆಗುತ್ತಾ?" ದಯವಿಟ್ಟು ಪ್ಲಗ್ ಹಾಕಿ ನೋಡಬೇಡಿ. ನಲವತ್ತು ವರ್ಷ ಹಳೆಯ ಪೋರ್ಟಬಲ್, ಅದರಲ್ಲೂ ಹಿಂದಿನವರು ಬಿಚ್ಚಿ, ಕೊಯ್ದು, ಬೆಸೆದು ಮಾರ್ಪಾಡು ಮಾಡಿದ್ದಾದರೆ, ಒಳಗೆ ಏನಿದೆ ಅಂತ ಯಾವ ಮ್ಯಾನುಯಲ್ಲೂ ಹೇಳುವುದಿಲ್ಲ. ಕಂಪನಿಯ ಸರ್ಕ್ಯೂಟ್ ನಕ್ಷೆ ಕಾರ್ಖಾನೆಯಿಂದ ಹೊರಬಂದ ಯಂತ್ರದ್ದು. ನಿಮ್ಮ ಮುಂದಿರುವುದು ಅದಲ್ಲ.

ನಾನು ಸದ್ಯ ಕೆಲಸ ಮಾಡುತ್ತಿರುವುದು ಒಂದು ಕೇಪ್ರೊ II ಮೇಲೆ. 1982ರಲ್ಲಿ ಬಂದ ಯಂತ್ರ. ತಗಡಿನ ಪೆಟ್ಟಿಗೆ, 9 ಇಂಚಿನ ಹಸಿರು ಪರದೆ, ಝಡ್80 ಪ್ರೊಸೆಸರ್, 64 ಕೆಬಿ ಮೆಮೊರಿ, ಎರಡು ಫ್ಲಾಪಿ ಡ್ರೈವ್. ಪೋರ್ಟಬಲ್ ಅಂತ ಹೆಸರು, ತೂಕ ಹತ್ತು ಕೆಜಿಗಿಂತ ಜಾಸ್ತಿ. ಇದನ್ನು ತಯಾರಿಸಿದ ನಾನ್-ಲೀನಿಯರ್ ಸಿಸ್ಟಮ್ಸ್ ಕಂಪನಿ ಅದಕ್ಕೂ ಮೊದಲು ಹೆಸರು ಮಾಡಿದ್ದು ಡಿಜಿಟಲ್ ವೋಲ್ಟ್‌ಮೀಟರ್‌ಗಳಿಂದ. ರಿಪೇರಿಗೆ ಕೂತವರು ಮೊದಲು ಕೈಗೆತ್ತಿಕೊಳ್ಳಬೇಕಾದದ್ದೂ ಅದನ್ನೇ.

ನನ್ನ ಯಂತ್ರದಲ್ಲಿ ಮಾರ್ಪಾಡುಗಳಿಗೆ ಲೆಕ್ಕವಿಲ್ಲ. ಹಿಂಬದಿಯಲ್ಲಿ ತೂತು ಕೊರೆದು ವೇಗ ಬದಲಿಸುವ ಸ್ವಿಚ್ ಹಾಕಿದ್ದಾರೆ. ಮೂಲದಲ್ಲಿ 2.5 ಮೆಗಾಹರ್ಟ್ಸ್, ಸ್ವಿಚ್ ಒತ್ತಿದರೆ ಅದರ ಎರಡರಷ್ಟು. ಯಂತ್ರ ಶುರುವಾಗಲು ಬೇಕಾದ ಪ್ರೋಗ್ರಾಂ ಇರುವ ರೋಮ್ (ROM) ಚಿಪ್ ಮೇಲೆ ಇನ್ನೊಂದು ಚಿಪ್ ಕೂರಿಸಿ, ಒಂದು ಕಾಲನ್ನು ಮೇಲಕ್ಕೆ ಬಗ್ಗಿಸಿ ತಂತಿ ಎಳೆದಿದ್ದಾರೆ. ಡ್ರೈವ್‌ಗಳೂ ಮೂಲದವಲ್ಲ. ಇವೆಲ್ಲ ಚೆಂದದ ಕೆಲಸ, ಮಾಡಿದವರಿಗೆ ವಿಷಯ ಗೊತ್ತಿತ್ತು.

ಫ್ಯಾನ್ ಮಾತ್ರ ಹಾಗಲ್ಲ. ಒಳಗೆ ಬಿಸಿ ಜಾಸ್ತಿಯಾಗುತ್ತದೆ ಅಂತ ಯಾರೋ ಮೈನ್ಸ್‌ನಲ್ಲಿ, ಅಂದರೆ ಗೋಡೆಯ ಪ್ಲಗ್ಗಿನ ಕರೆಂಟಿನಲ್ಲಿ, ಓಡುವ ಫ್ಯಾನ್ ಒಂದನ್ನು ಸೇರಿಸಿದ್ದಾರೆ. ಅದಕ್ಕೆ ಕರೆಂಟ್ ತೆಗೆದಿರುವುದು ಫ್ಯೂಸ್‌ಗಿಂತ ಮೊದಲು, ಪವರ್ ಸಾಕೆಟ್‌ನ ಬೆನ್ನಿನಿಂದಲೇ. ಜೋಡಿಸಿದ ಕಡೆ ಸುತ್ತಿದ್ದ ಟೇಪಿನ ಗೋಂದು ಕರಗಿ, ಟೇಪು ಸುರುಳಿ ಬಿಚ್ಚಿ, ತಾಮ್ರ ಬೆತ್ತಲೆಯಾಗಿ ತಗಡಿನಿಂದ ಒಂದು ಬೆರಳು ದೂರದಲ್ಲಿತ್ತು. ಅರ್ಥ್ ತಂತಿಯನ್ನು ಕತ್ತರಿಸಿ ಹಾಗೇ ಬಿಟ್ಟಿದ್ದರು. ಯೋಚಿಸಿ ನೋಡಿ. ಆ ತಾಮ್ರ ತಗಡಿಗೆ ತಾಗಿದ್ದರೆ ಪೆಟ್ಟಿಗೆಯ ಮೈಯೆಲ್ಲ ಮೈನ್ಸ್ ಕರೆಂಟ್. ಯಂತ್ರದ ಫ್ಯೂಸ್ ಹಾರುವುದಿಲ್ಲ, ಯಾಕೆಂದರೆ ಕರೆಂಟ್ ಅದರ ಮೂಲಕ ಹೋಗುತ್ತಲೇ ಇಲ್ಲ. ಅರ್ಥ್ ಇಲ್ಲದ್ದರಿಂದ ಮುಟ್ಟಿದವರೇ ಅರ್ಥ್.

ಅದಕ್ಕೇ ನನ್ನ ನಿಯಮ ಒಂದೇ. ಮೈನ್ಸ್ ಕಡೆಯ ಮಾರ್ಪಾಡು ಎಷ್ಟೇ ಹಳೆಯದಿರಲಿ, ಎಷ್ಟೇ ಅಪರೂಪದ್ದಿರಲಿ, ಹೋಗಲೇಬೇಕು. ಅಲ್ಲಿ ಇತಿಹಾಸ, ನೆನಪು ಅಂತ ದಾಕ್ಷಿಣ್ಯ ಬೇಡ. ಅರ್ಥ್ ತಂತಿ ಪೆಟ್ಟಿಗೆಗೆ ಗಟ್ಟಿಯಾಗಿ ಕೂರಬೇಕು, ಮೀಟರ್‌ನಲ್ಲಿ ಅಳೆದು ನೋಡಬೇಕು. ಆದರೆ 5 ವೋಲ್ಟ್ ಕಡೆಯ, ಅಂದರೆ ಚಿಪ್‌ಗಳಿರುವ ಬೋರ್ಡಿನ, ಮಾರ್ಪಾಡುಗಳನ್ನು ಅರ್ಥವಾಗುವ ತನಕ ಮುಟ್ಟಬೇಡಿ. ಹೆಚ್ಚಿನವರು ಮಾಡುವುದು ಇದರ ತದ್ವಿರುದ್ಧ. ಕಣ್ಣಿಗೆ ಕಾಣುವ ತಂತಿಗಳನ್ನೆಲ್ಲ ಕಿತ್ತು "ಒರಿಜಿನಲ್" ಮಾಡುತ್ತಾರೆ, ಪವರ್ ಸಪ್ಲೈ ಪೆಟ್ಟಿಗೆಯನ್ನು ಬಿಚ್ಚಿಯೂ ನೋಡುವುದಿಲ್ಲ.

ಪವರ್ ಸಪ್ಲೈ ಬಗ್ಗೆ ಸ್ವಲ್ಪ ಹೇಳಲೇಬೇಕು. ಆ ಕಾಲದ ಎಷ್ಟೋ ಯಂತ್ರಗಳಲ್ಲಿ ಮೈನ್ಸ್ ಸಾಲಿಗೆ ಅಡ್ಡಲಾಗಿ ಕಾಗದದ ಫಿಲ್ಟರ್ ಕೆಪಾಸಿಟರ್ ಇರುತ್ತದೆ. ಹಳದಿ ಬಣ್ಣದ, ಬೆಳಕು ಹಾಯುವಂಥ ಹೊದಿಕೆ. ವರ್ಷ ಕಳೆದಂತೆ ಹೊದಿಕೆ ಬಿರುಕು ಬಿಟ್ಟು ಒಳಗಿನ ಕಾಗದ ತೇವ ಹೀರುತ್ತದೆ. ಕರೆಂಟ್ ಕೊಟ್ಟಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಸಿಡಿದು ಕೋಣೆಯೆಲ್ಲ ಹೊಗೆ. ಬಿರುಕು ಕಂಡರೂ ಸರಿ, ಕಾಣದಿದ್ದರೂ ಸರಿ, ತೆಗೆದು ಎಕ್ಸ್2 ದರ್ಜೆಯ (ಮೈನ್ಸ್‌ಗೆ ಅಡ್ಡಲಾಗಿ ಹಾಕಲೆಂದೇ ಮಾಡಿದ) ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿ. ಸಾಮಾನ್ಯ ಕೆಪಾಸಿಟರ್ ಆ ಜಾಗಕ್ಕೆ ಆಗುವುದಿಲ್ಲ.

ಪಕ್ಕದ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳು 230 ವೋಲ್ಟ್ ಲೈನ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ಹಿಡಿದಿಟ್ಟುಕೊಳ್ಳುತ್ತವೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಚಾಳಿ ಬೇಡ. ಕೆಲವು ಕಿಲೋಓಮ್‌ನ ದಪ್ಪ ರೆಸಿಸ್ಟರ್ ಮೂಲಕ ಇಳಿಸಿ, ಮೀಟರ್‌ನಲ್ಲಿ ನೋಡಿ, ಆಮೇಲೆ ಕೈ ಹಾಕಿ. 115 ಮತ್ತು 230 ವೋಲ್ಟ್ ಆಯ್ಕೆ ಇದ್ದರೆ ಅದನ್ನು ಯಾವುದಕ್ಕೆ ಇಟ್ಟಿದ್ದಾರೆ ಅಂತಲೂ ನೋಡಿ. ಮಾರ್ಪಾಡಾದ ಯಂತ್ರದಲ್ಲಿ ಹೊರಗಿನ ಚೀಟಿಯನ್ನು ನಂಬುವ ಹಾಗಿಲ್ಲ.

ಪರದೆಯದ್ದು ಬೇರೆಯದೇ ಅಪಾಯ. ಇಂಥ ಪಿಕ್ಚರ್ ಟ್ಯೂಬ್‌ನ ಆನೋಡ್‌ನಲ್ಲಿ (ರಬ್ಬರ್ ಟೋಪಿ ಮುಚ್ಚಿರುವ ಲೋಹದ ತುದಿ) ಸುಮಾರು ಹತ್ತು ಸಾವಿರ ವೋಲ್ಟ್ ಇರುತ್ತದೆ, ಆಫ್ ಮಾಡಿದ ಮೇಲೂ ಚಾರ್ಜ್ ಉಳಿಯುತ್ತದೆ. ಹೆಚ್ಚಿನ ವೋಲ್ಟೇಜ್ ತಾಳುವ ಹಿಡಿಕೆಯ ಸಾಧನಕ್ಕೆ ತಂತಿ ಕಟ್ಟಿ, ತಂತಿಯ ಇನ್ನೊಂದು ತುದಿಯನ್ನು ಮೊದಲು ಟ್ಯೂಬ್‌ನ ಹೊರಮೈಗೆ ಕಟ್ಟಿರುವ ಲೋಹದ ಪಟ್ಟಿಗೆ ಸಿಕ್ಕಿಸಬೇಕು. ಆಮೇಲಷ್ಟೇ ರಬ್ಬರ್ ಟೋಪಿಯ ಕೆಳಗೆ ತುದಿ ತೂರಿಸುವುದು. ಒಂದು ಕೈ ಬೆನ್ನ ಹಿಂದೆ. ಸ್ವಲ್ಪ ಬಿಟ್ಟು ಮತ್ತೊಮ್ಮೆ ಮಾಡಿ, ಚಾರ್ಜ್ ತಾನಾಗಿಯೇ ಒಂದಿಷ್ಟು ಮರಳುತ್ತದೆ. ಟ್ಯೂಬ್‌ನ ಕುತ್ತಿಗೆ ತುಂಬಾ ಸೂಕ್ಷ್ಮ, ಅದನ್ನು ಹಿಡಿದು ಎತ್ತಬೇಡಿ. ಇದನ್ನೆಲ್ಲ ಹಿಂದೆ ಮಾಡಿಲ್ಲದಿದ್ದರೆ ಮಾಡಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಓದಿ ಕಲಿಯುವ ಕೆಲಸ ಅಲ್ಲ ಅದು.

ಪವರ್ ಸಪ್ಲೈಯನ್ನು ಬೋರ್ಡಿನಿಂದ ಬಿಡಿಸಿ, ರೆಸಿಸ್ಟರ್ ಲೋಡ್ ಕೊಟ್ಟು ಅದೊಂದನ್ನೇ ಪರೀಕ್ಷಿಸಿ. 5 ವೋಲ್ಟ್ ಅನ್ನುವುದು 4.75ರಿಂದ 5.25ರ ಒಳಗೆ ಇರಬೇಕು. ಅದಕ್ಕಿಂತ ಮೇಲೆ ಹೋದರೆ ಬೋರ್ಡಿಗೆ ಜೋಡಿಸಬೇಡಿ, ಸಾಲಾಗಿ ಚಿಪ್ ಸಾಯುತ್ತವೆ.

ಇನ್ನು ರೋಮ್ ಚಿಪ್. ಕಂಪನಿಯದ್ದಾದರೆ ಅದರ ಪ್ರತಿ ಎಲ್ಲಾದರೂ ಸಿಗಬಹುದು. ಮಾರ್ಪಾಡು ಮಾಡಿದವರು ಬರೆದದ್ದಾದರೆ ಜಗತ್ತಿನಲ್ಲಿ ಅದೊಂದೇ ಇರಬಹುದು, ಅಲ್ವಾ? ಇಪ್ರಾಮ್ (EPROM) ಅನ್ನುವ ಹಳೆಯ ರೋಮ್ ಚಿಪ್‌ಗಳು ಕಾಲ ಕಳೆದಂತೆ ಬಿಟ್‌ಗಳನ್ನು ಕಳೆದುಕೊಳ್ಳುತ್ತವೆ. ಆದ್ದರಿಂದ ಬೋರ್ಡಿನ ಉಳಿದ ಕೆಲಸಕ್ಕಿಂತ ಮೊದಲು ಅದನ್ನು ಓದಿ, ಫೈಲ್ ಮಾಡಿ ಎರಡು ಕಡೆ ಇಡಿ. ಚಿಪ್‌ನ ಗಾಜಿನ ಕಿಟಕಿಯ ಮೇಲಿನ ಚೀಟಿ ಕೀಳಬೇಡಿ, ಒಳಗೆ ಬೆಳಕು ಬಿದ್ದರೆ ಬರೆದದ್ದು ಅಳಿಸಿಹೋಗಬಹುದು.

ಇನ್ನೊಂದು ಮಾತು. ಬೋರ್ಡಿನ ಹಿಂದೆ ಕಾಣುವ ಪ್ರತಿ ತಂತಿಯೂ ಮಾರ್ಪಾಡಲ್ಲ. ವಿನ್ಯಾಸದ ತಪ್ಪು ತಿದ್ದಲು ಕಾರ್ಖಾನೆಯವರೇ ಎಷ್ಟೋ ಸಲ ತಂತಿ ಬೆಸೆದು ಕಳುಹಿಸುತ್ತಿದ್ದರು. ಅಚ್ಚುಕಟ್ಟಾಗಿ ಒತ್ತಿ ಅಂಟಿಸಿದ್ದರೆ ಅದು ಕಾರ್ಖಾನೆಯದ್ದೇ ಇರಬಹುದು. ಅದನ್ನು ಕಿತ್ತರೆ ಚೆನ್ನಾಗಿದ್ದ ಯಂತ್ರ ನಿಮ್ಮ ಕೈಯಲ್ಲೇ ಕೆಡುತ್ತದೆ. ಪ್ರತಿ ತಂತಿಯ ಎರಡೂ ತುದಿಯ ಫೋಟೊ ತೆಗೆದು, ಎಲ್ಲಿಂದ ಎಲ್ಲಿಗೆ ಅಂತ ಬರೆದಿಟ್ಟು, ಅದು ಏನು ಮಾಡುತ್ತದೆ ಅಂತ ಗೊತ್ತಾದ ಮೇಲೆ ಮುಂದಿನ ಮಾತು.

ಒರಿಜಿನಲ್ ಆಗಿಯೇ ಇರಬೇಕು ಅನ್ನುವವರ ಜೊತೆ ನನಗೆ ಜಗಳವಿಲ್ಲ, ಆದರೆ ಒಪ್ಪಿಗೆಯೂ ಇಲ್ಲ. ಕಾರ್ಖಾನೆಯಿಂದ ಬಂದಂತೆಯೇ ಉಳಿದ ಕೇಪ್ರೊಗಳು ಇನ್ನೂ ಸಿಗುತ್ತವೆ. ಒಬ್ಬ ವ್ಯಕ್ತಿ ತನ್ನ ಕೆಲಸಕ್ಕೆ ಬೇಕಾದ ಹಾಗೆ ಕೊರೆದು, ಬೆಸೆದು, ವೇಗ ಹೆಚ್ಚಿಸಿಕೊಂಡು ವರ್ಷಗಟ್ಟಲೆ ದುಡಿಸಿದ ಈ ಯಂತ್ರ ಇನ್ನೊಂದಿಲ್ಲ. ಹಾಗಾಗಿ ನನ್ನದರಲ್ಲಿ ಫ್ಯಾನ್ ಹೋಯಿತು, ಅದರ ಜಾಗಕ್ಕೆ 12 ವೋಲ್ಟ್‌ನದ್ದು ಬಂತು. ವೇಗದ ಸ್ವಿಚ್ ಉಳಿಯಿತು, ಎರಡು ಅಂತಸ್ತಿನ ಚಿಪ್ಪೂ ಉಳಿಯಿತು. ನೀವು ತೆಗೆಯಲೇಬೇಕು ಅಂತಿದ್ದರೆ ತೆಗೆಯಿರಿ. ಆದರೆ ತೆಗೆದ ಭಾಗವನ್ನು ಕವರಿನಲ್ಲಿ ಹಾಕಿ, ಎಲ್ಲಿತ್ತು ಅಂತ ಬರೆದು, ಯಂತ್ರದ ಜೊತೆಗೇ ಇಡಿ. ಮಾರುವಾಗಲೂ ಆ ಕವರ್ ಜೊತೆಗೇ ಕೊಡಿ.