ಬೋರ್ಡಿನಲ್ಲಿ ಮಾತ್ರ ಯುದ್ಧ

ಅಮೆರಿಕದ ರಕ್ಷಣಾ ಇಲಾಖೆ ಈಗ 'ಯುದ್ಧ ಇಲಾಖೆ' ಆಗಿರುವುದು ನಿಮಗೆ ಗೊತ್ತೇ ಇದೆ. 2025ರ ಸೆಪ್ಟೆಂಬರ್ 5ರಂದು ಟ್ರಂಪ್ ಸಾಹೇಬರು ಸಹಿ ಹಾಕಿದರು. ಪೆಂಟಗನ್‌ನಲ್ಲಿ ಹಳೇ ಬೋರ್ಡು ಇಳಿಯಿತು, ಹೊಸದು ಏರಿತು. ಕಾನೂನು ಪ್ರಕಾರ ಹೆಸರು ಬದಲಾಗಬೇಕಾದರೆ ಅಲ್ಲಿನ ಸಂಸತ್ತು ಒಪ್ಪಬೇಕು. ಅಷ್ಟು ತಾಳ್ಮೆ ಯಾರಿಗಿದೆ? ಹಾಗಾಗಿ ಸದ್ಯಕ್ಕೆ ಅದು ಎರಡನೇ ಹೆಸರು. ನಮ್ಮ ಪೇಪರ್‌ಗಳ ಕ್ರೈಮ್ ಪುಟದಲ್ಲಿ ರೌಡಿಗಳ ಹೆಸರು ಬರುತ್ತಲ್ಲ, ಇಂಥವನು ಅಲಿಯಾಸ್ ಇಂಥವನು ಅಂತ, ಹಾಗೆ. ಡಿಫೆನ್ಸ್ ಅಲಿಯಾಸ್ ವಾರ್.

ನನಗಂತೂ ಖುಷಿಯಾಯಿತು. ಅಂತೂ ಒಬ್ಬರಾದರೂ ಮಾಡುವ ಕೆಲಸಕ್ಕೆ ತಕ್ಕ ಬೋರ್ಡು ಹಾಕಿದರಲ್ಲ! ಬಾರ್ ಅಂಡ್ ರೆಸ್ಟೋರೆಂಟ್ ಅಂತ ಬರೆಸಿ ಊಟವನ್ನೇ ಕೊಡದವರನ್ನು ನೋಡಿ ನೋಡಿ ಸಾಕಾಗಿತ್ತು.

ಆದರೆ ತಕರಾರು ಇರುವುದೇ ಇಲ್ಲಿ. ಅದೇ ವರ್ಷ ಜೂನ್ 22ರಂದು ಇದೇ ಇಲಾಖೆಯ ವಿಮಾನಗಳು ಇರಾನ್‌ಗೆ ಹೋಗಿ, ಒಂದೊಂದೂ 13 ಟನ್ನಿಗಿಂತ ಭಾರದ 14 ಬಾಂಬು ಹಾಕಿ ಬಂದವು. ಆಗ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಟಿ.ವಿ.ಯಲ್ಲಿ ಏನಂದರು? ನಾವು ಇರಾನ್ ಮೇಲೆ ಯುದ್ಧ ಮಾಡುತ್ತಿಲ್ಲ, ಇರಾನಿನ ಪರಮಾಣು ಕಾರ್ಯಕ್ರಮದ ಮೇಲೆ ಯುದ್ಧ ಮಾಡುತ್ತಿದ್ದೇವೆ ಅಂದರು. ಬಾಂಬು ಹಾಕುವಾಗ ಯುದ್ಧ ಅಲ್ಲ. ಬೋರ್ಡು ಬರೆಸುವಾಗ ಯುದ್ಧ.

ಕಾರ್ಯಕ್ರಮದ ಮೇಲೆ ಯುದ್ಧ ಅನ್ನುವುದು ಮಾತ್ರ ನನ್ನ ಮನಸ್ಸಿಗೆ ಬಹಳ ಹಿಡಿಸಿತು. ಕನ್ನಡದವನಿಗೆ ಕಾರ್ಯಕ್ರಮ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, 'ಹಲೋ ಹಲೋ ಮೈಕ್ ಟೆಸ್ಟಿಂಗ್'. ಹತ್ತು ಗಂಟೆಗೆ ಅಂತ ಕಾರ್ಡಿನಲ್ಲಿ ಹಾಕಿರುತ್ತಾರೆ. ಮುಖ್ಯ ಅತಿಥಿಗಳು ಬರುವುದು ಒಂದೂವರೆಗೆ. ದೀಪ ಹಚ್ಚಲು ಹೋದರೆ ಫ್ಯಾನ್ ಗಾಳಿಗೆ ಹತ್ತುವುದಿಲ್ಲ. ಪ್ರಾಸ್ತಾವಿಕ ನುಡಿಯವರು ಅಧ್ಯಕ್ಷೀಯ ಭಾಷಣವನ್ನೂ ತಾವೇ ಮುಗಿಸಿಬಿಡುತ್ತಾರೆ. ಕೊನೆಗೆ ವಂದನಾರ್ಪಣೆ, ಅದರಲ್ಲಿ ಶಾಮಿಯಾನದವನ ಹೆಸರು ಬಿಟ್ಟುಹೋಗಿ ಹಿಂದಿನಿಂದ ಗಲಾಟೆ. ಇಂಥ ಎಷ್ಟೋ ಕಾರ್ಯಕ್ರಮಗಳ ಮೇಲೆ ಯುದ್ಧ ಸಾರಬೇಕು ಅಂತ ನನಗೂ ಅನ್ನಿಸಿದ್ದುಂಟು. ಆದರೆ ಮೇಲಿಂದ ಬಾಂಬು ಬಿದ್ದರೆ ಕಾರ್ಯಕ್ರಮಕ್ಕೆ ಬಂದವರಿಗೂ ತಾಗುತ್ತೆ ಅನ್ನುವಷ್ಟು ತಿಳಿವಳಿಕೆ ನನಗಿದೆ.

ಇನ್ನೊಂದು ತಮಾಷೆ ನೋಡಿ. 1789ರಿಂದ 1947ರವರೆಗೆ ಆ ಇಲಾಖೆಗೆ ಯುದ್ಧ ಇಲಾಖೆ ಅಂತಲೇ ಹೆಸರಿತ್ತು. ಆ ಕಾಲದಲ್ಲಿ ಯುದ್ಧ ಮಾಡುವ ಮೊದಲು ಯುದ್ಧ ಮಾಡುತ್ತೇವೆ ಅಂತ ಘೋಷಿಸುವ ಒಂದು ಮರ್ಯಾದೆಯೂ ಇತ್ತು. ಎಲ್ಲ ಸಲವೂ ಅಲ್ಲ, ಆದರೂ ಇತ್ತು. ಅಮೆರಿಕದ ಸಂಸತ್ತು ಕೊನೇ ಸಲ ಹಾಗೆ ಘೋಷಿಸಿದ್ದು 1942ರಲ್ಲಿ. ಆಮೇಲೆ ಬೋರ್ಡು 'ರಕ್ಷಣೆ' ಅಂತಾಯಿತು. ಅಂದಿನಿಂದ ಅಮೆರಿಕ ಒಂದೇ ಒಂದು ಯುದ್ಧವನ್ನೂ ಘೋಷಿಸಿಲ್ಲ. ಕೊರಿಯಾ, ವಿಯೆಟ್ನಾಂ, ಅಫ್ಘಾನಿಸ್ತಾನ, ಇರಾಕ್... ಯಾವುದೂ ಘೋಷಿತ ಯುದ್ಧ ಅಲ್ಲ. ಇಷ್ಟು ಶಾಂತಿಪ್ರಿಯ ದೇಶ ಇನ್ನೊಂದಿದೆಯಾ?

ಕೊರಿಯಾದ ಕತೆ ಚೆನ್ನಾಗಿದೆ. 1950ರ ಜೂನ್‌ನಲ್ಲಿ ಅಧ್ಯಕ್ಷ ಟ್ರೂಮನ್ ಪತ್ರಕರ್ತರ ಮುಂದೆ ನಿಂತು ನಾವು ಯುದ್ಧದಲ್ಲಿಲ್ಲ ಅಂದರು. ಹಾಗಾದರೆ ಇದನ್ನು ಪೊಲೀಸ್ ಕಾರ್ಯಾಚರಣೆ ಅನ್ನಬಹುದಾ ಅಂತ ಪತ್ರಕರ್ತನೊಬ್ಬ ಕೇಳಿದ. ಹೌದು, ಅದೇ, ಅದೇ ಅಂದರು ಟ್ರೂಮನ್. ಯಾರೋ ಪುಣ್ಯಾತ್ಮ ಕೈಗೆ ಪದ ಕೊಟ್ಟ, ಇವರು ಜೇಬಿಗೆ ಹಾಕಿಕೊಂಡರು. ಆ 'ಪೊಲೀಸರ ಕೆಲಸ' ಮೂರು ವರ್ಷ ನಡೆಯಿತು. ಲಕ್ಷಗಟ್ಟಲೆ ಜನ ಸತ್ತರು.

ಇದನ್ನು ಓದಿದಾಗ ನನಗೆ ನಗು ಬಂತು, ಸ್ವಲ್ಪ ಹೆಮ್ಮೆಯೂ ಆಯಿತು. ಯಾಕಂದರೆ ಈ ವಿಷಯದಲ್ಲಿ ನಾವು ಟ್ರೂಮನ್‌ಗಿಂತ ಎರಡು ವರ್ಷ ಮುಂದೆ. ಕಲಬುರಗಿ, ಬೀದರ್, ರಾಯಚೂರು ಕಡೆಯ ಹಿರಿಯರಿಗೆ ಹುಟ್ಟಿದ ತಾರೀಕು ಕೇಳಿ ನೋಡಿ. "ಪೊಲೀಸ್ ಆ್ಯಕ್ಷನ್ ಆದಾಗ ನಾ ತೊಟ್ಟಿಲದಾಗ ಇದ್ದೆ ನೋಡಪಾ" ಅಂತಾರೆ. ನಿಜಾಮನ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಲು 1948ರ ಸೆಪ್ಟೆಂಬರ್ 13ಕ್ಕೆ ಶುರುವಾಗಿ ಐದೇ ದಿನದಲ್ಲಿ ಮುಗಿದ ಆ ಪೊಲೀಸ್ ಆ್ಯಕ್ಷನ್‌ನಲ್ಲಿ ಟ್ಯಾಂಕ್ ಇತ್ತು, ವಿಮಾನ ಇತ್ತು, ಮುಂದೆ ನಿಂತವರು ಮೇಜರ್ ಜನರಲ್ ಜೆ.ಎನ್. ಚೌಧರಿ. ಇಲ್ಲದೇ ಇದ್ದವರು ಪೊಲೀಸರು. ನಿಜಾಮನ ಪರ ಆಯುಧ ಹಿಡಿದ ರಜಾಕಾರರ ಹಾವಳಿ ಸುಳ್ಳಲ್ಲ, ನಿಜಾಮನ ಕೈಯಿಂದ ಬಿಡುಗಡೆ ಆಗಲೇಬೇಕಿತ್ತು, ಸೆಪ್ಟೆಂಬರ್ 17ಕ್ಕೆ ಧ್ವಜ ಹಾರಿಸುವುದೂ ಸರಿಯೇ. ಆದರೆ ಸೈನ್ಯ ಹೋಗಿದ್ದಕ್ಕೆ ಪೊಲೀಸ್ ಅಂತ ಯಾಕೆ ಹೆಸರು? ಯುದ್ಧ ಅಂದರೆ ಇನ್ನೊಂದು ದೇಶದ ಮೇಲೆ ಹೋದಂತಾಗುತ್ತೆ. ಪೊಲೀಸ್ ಅಂದರೆ ಮನೆಯೊಳಗಿನ ವಿಷಯ. ಪದದಲ್ಲೇ ಕೇಸು ಗೆದ್ದ ಹಾಗೆ. ಆಮೇಲಿನ ತಿಂಗಳುಗಳಲ್ಲಿ ಹಳ್ಳಿಗಳಲ್ಲಿ ಏನೇನಾಯಿತು ಅಂತ ಸುಂದರಲಾಲ್ ಸಮಿತಿ ಒಂದು ವರದಿ ಬರೆಯಿತು. ಅದು ದಶಕಗಟ್ಟಲೆ ಬೀರುವಿನೊಳಗೇ ಮಲಗಿತ್ತು. ಪೊಲೀಸ್ ಆ್ಯಕ್ಷನ್ ಅಂದ ಮೇಲೆ ಸತ್ತವರ ಲೆಕ್ಕ ಯಾಕೆ, ಅಲ್ವಾ?

ಇರಲಿ. ಅಮೆರಿಕಕ್ಕೆ ವಾಪಸ್ ಹೋಗೋಣ.

ಭಾಷಣ ಅಂದರೆ 2003ರದ್ದೇ ಭಾಷಣ. ಫೆಬ್ರವರಿ 5ರಂದು ಆಗಿನ ವಿದೇಶಾಂಗ ಮಂತ್ರಿ ಕಾಲಿನ್ ಪೊವೆಲ್, ಇರಾಕ್ ಹತ್ತಿರ ಸಾಮೂಹಿಕ ನಾಶದ ಆಯುಧಗಳಿವೆ ಅಂತ ನಂಬಿಸಲು ವಿಶ್ವಸಂಸ್ಥೆಯಲ್ಲಿ ಕುಳಿತು, ಎರಡು ಬೆರಳಲ್ಲಿ ಒಂದು ಪುಟ್ಟ ಸೀಸೆ ಹಿಡಿದು ತೋರಿಸಿದರು. ಒಂದು ಚಮಚಕ್ಕಿಂತ ಕಡಿಮೆ ಆಂಥ್ರಾಕ್ಸ್ ರೋಗಾಣುವಿನ ಪುಡಿ ಸಾಕು, ಅನಾಹುತ ಆಗುತ್ತೆ ಅಂದರು. ಸೀಸೆಯೊಳಗೆ ಇದ್ದದ್ದು ಆಂಥ್ರಾಕ್ಸ್ ಅಲ್ಲ, ಸುಮ್ನೆ ತೋರಿಸಲಿಕ್ಕೆ ತಂದದ್ದು. ಅದು ಸದ್ದಾಂ ಹುಸೇನನ ಮನೆಯಿಂದಂತೂ ಬಂದದ್ದಲ್ಲ. ಹಳ್ಳಿ ಸಂತೆಯಲ್ಲಿ ಹಲ್ಲುಪುಡಿ ಮಾರುವವನು ಕೂಡ ಸೀಸೆ ಎತ್ತಿ ತೋರಿಸುತ್ತಾನೆ. ಆದರೆ ಅವನು ಮೊದಲು ತನ್ನ ಹಲ್ಲಿಗೆ ಹಚ್ಚಿ ತೋರಿಸುತ್ತಾನೆ.

ಆ ಸಭಾಂಗಣದ ಹೊರಗೆ ಪಿಕಾಸೊನ 'ಗೆರ್ನಿಕಾ' ಚಿತ್ರದ ನೇಯ್ದ ಪ್ರತಿ ನೇತಾಡುತ್ತಿತ್ತು. ಬಾಂಬಿಗೆ ಸಿಕ್ಕ ಊರಿನ ಚಿತ್ರ, ಸತ್ತ ಮಗುವನ್ನು ಎತ್ತಿಕೊಂಡು ಬಾಯಿಬಿಟ್ಟ ತಾಯಿ. ಅದರ ಮೇಲೆ ನೀಲಿ ಪರದೆ ಎಳೆದರು. ಟಿ.ವಿ. ಕ್ಯಾಮೆರಾಗಳಿಗೆ ಹಿನ್ನೆಲೆ ಚೆನ್ನಾಗಿ ಬರಲಿ ಅಂತ ಕಾರಣ ಕೊಟ್ಟರು. ಹೆಣ್ಣು ನೋಡಲು ಬರುವ ದಿನ ಗೋಡೆಯ ಬಿರುಕಿಗೆ ಕ್ಯಾಲೆಂಡರ್ ಹಾಕುತ್ತಾರಲ್ಲ, ಅದೇ ಲೆಕ್ಕ.

ಅದೇ ಭಾಷಣದಲ್ಲಿ ಪೊವೆಲ್ ಬ್ರಿಟನ್ ಸರ್ಕಾರ ಹೊರತಂದ ಒಂದು ದಾಖಲೆಯನ್ನು ಹೊಗಳಿದರು, ಬಹಳ ಚೆನ್ನಾಗಿದೆ, ಎಲ್ಲರೂ ಓದಿ ಅಂತ. ಮರುದಿನವೇ ಗೊತ್ತಾಯಿತು, ಅದರ ದೊಡ್ಡ ಭಾಗವನ್ನು ಒಬ್ಬ ವಿದ್ಯಾರ್ಥಿಯ ಸಂಶೋಧನಾ ಲೇಖನದಿಂದ ಎತ್ತಿದ್ದು. ವಿಷಯ ಹನ್ನೆರಡು ವರ್ಷ ಹಳೆಯದು. ಕದ್ದವರು ಹುಡುಗನ ಅಚ್ಚಿನ ತಪ್ಪುಗಳನ್ನೂ ಹಾಗೇ ಬಿಟ್ಟಿದ್ದರು. ನಮ್ಮಲ್ಲಿ ಪಕ್ಕದವನ ಪೇಪರ್ ನೋಡಿ ಬರೆಯುವ ಹತ್ತನೇ ಕ್ಲಾಸಿನ ಹುಡುಗ ಕೂಡ ಒಂದೆರಡು ಪದ ಬದಲಿಸುತ್ತಾನೆ. ಇವರು ಕಾಪಿ ಹೊಡೆದು ಫೇಲಾಗಲಿಲ್ಲ. ಒಂದೂವರೆ ತಿಂಗಳೊಳಗೆ ಬಾಗ್ದಾದ್ ಮೇಲೆ ಬಾಂಬು ಬೀಳಿಸಿದರು.

ಪುಡಿ ಒಂದು ಚಮಚ. ಹಿಂದೆ ನಿಂತ ಚಮಚಾಗಳು ಹೆಚ್ಚುಕಡಿಮೆ 50 ದೇಶ. 'ಒಪ್ಪಿ ಬಂದವರ ಕೂಟ' ಅಂತ ಅದಕ್ಕೆ ಹೆಸರು. ಆ ಪಟ್ಟಿಯಲ್ಲಿ ಪಲಾವ್ ಅನ್ನುವ ಪುಟ್ಟ ದ್ವೀಪ ದೇಶ ಇತ್ತು, ಮೈಕ್ರೊನೇಷ್ಯಾ ಇತ್ತು, ಮಾರ್ಷಲ್ ದ್ವೀಪಗಳಿದ್ದವು. ಮೂರಕ್ಕೂ ಸೈನ್ಯವೇ ಇಲ್ಲ. ಮದುವೆ ಕಾರ್ಡಿನಲ್ಲಿ 'ಬಂಧು ಬಳಗದವರು' ಅಂತ ಹಾಕಿದ ಹಾಗೆ.

ಆಯುಧ ಸಿಗಲಿಲ್ಲ. ಅದೂ ನಿಮಗೆ ಗೊತ್ತು. 2004ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನ ಪತ್ರಕರ್ತರ ಔತಣಕೂಟದಲ್ಲಿ ಆಗಿನ ಅಧ್ಯಕ್ಷ ಬುಷ್ ಸ್ಲೈಡ್ ಹಾಕಿ ತೋರಿಸಿದರು. ಅಧ್ಯಕ್ಷರ ಕಚೇರಿಯಲ್ಲಿ ಬಗ್ಗಿ ಕುರ್ಚಿ ಮೇಜಿನ ಕೆಳಗೆಲ್ಲ ಹುಡುಕುವ ಫೋಟೊ. ಆ ಆಯುಧಗಳು ಇಲ್ಲೇ ಎಲ್ಲೋ ಇರಬೇಕು, ಊಹೂಂ, ಇಲ್ಲಿಲ್ಲ, ಅದರ ಕೆಳಗೆ ಇರಬಹುದಾ? ಸೂಟು ಹಾಕಿದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಆ ಹೊತ್ತಿಗೆ ಅವರದೇ ದೇಶದ 500ಕ್ಕೂ ಹೆಚ್ಚು ಸೈನಿಕರು ಹೆಣವಾಗಿ ಬಂದಿದ್ದರು. 2022ರ ಮೇ ತಿಂಗಳಲ್ಲಿ ಅದೇ ಬುಷ್ ಡಲ್ಲಾಸ್‌ನಲ್ಲಿ ಪುಟಿನ್ ಅವರನ್ನು ಬೈಯಲು ನಿಂತರು. ಒಬ್ಬನೇ ಮನುಷ್ಯ ನಿರ್ಧರಿಸಿ, ಯಾವ ಸಮರ್ಥನೆಯೂ ಇಲ್ಲದೆ ಕ್ರೂರವಾಗಿ ಇರಾಕ್ ಮೇಲೆ... ಅಂದುಬಿಟ್ಟರು. ಅಲ್ಲ, ಉಕ್ರೇನ್ ಮೇಲೆ ಅಂತ ತಿದ್ದಿಕೊಂಡರು. ಮೆಲ್ಲಗೆ 'ಇರಾಕ್ ಕೂಡ' ಅಂತ ಗೊಣಗಿದರು. ವಯಸ್ಸು ಎಪ್ಪತ್ತೈದು ಅಂದರು. ಆಗಲೂ ಸಭೆ ನಕ್ಕಿತು.

ಆ ವಿಡಿಯೊ ಮೊದಲ ಸಲ ನೋಡಿ ನಾನೂ ನಕ್ಕೆ. ಎರಡನೇ ಸಲ ನಗು ಬರಲಿಲ್ಲ. ಲಕ್ಷಾಂತರ ಜನ ಸತ್ತರಲ್ಲ ಮಾರಾಯ್ರೇ. ಬಾಯಿ ತಪ್ಪಿ ಬಂದದ್ದೇ ಇಷ್ಟು ವರ್ಷದಲ್ಲಿ ಆ ಮನುಷ್ಯ ಆಡಿದ ಒಂದೇ ನಿಜ. ಅದಕ್ಕೂ ಜನ ಚಪ್ಪಾಳೆ ತಟ್ಟುವ ಮೂಡಿನಲ್ಲಿ ಕೂತಿದ್ದರು. ಒಬ್ಬನಾದರೂ ಎದ್ದು ಹೊರಗೆ ಹೋಗಬಾರದಿತ್ತಾ?

ಇನ್ನು ಪುಟಿನ್. ಅವರದ್ದು 'ವಿಶೇಷ ಸೇನಾ ಕಾರ್ಯಾಚರಣೆ'. ವಿಶೇಷ ಅನ್ನುವ ಪದ ಹಾಕಿದರೆ ಬದನೆಕಾಯಿ ಪಲ್ಯ ಕೂಡ ಮದುವೆ ಊಟ ಆಗುತ್ತೆ. ಅದನ್ನು ಯುದ್ಧ, ಆಕ್ರಮಣ ಅಂತ ಕರೆಯಕೂಡದು ಅಂತ ಅಲ್ಲಿನ ಪತ್ರಿಕೆಗಳಿಗೆ ಆದೇಶ ಹೋಯಿತು. 2022ರ ಮಾರ್ಚ್‌ನಲ್ಲಿ ಕಾನೂನೂ ಬಂತು. ಸೈನ್ಯದ ಬಗ್ಗೆ ಸರ್ಕಾರಕ್ಕೆ ಸುಳ್ಳು ಅನ್ನಿಸುವುದನ್ನು ಹೇಳಿದರೆ 15 ವರ್ಷದವರೆಗೆ ಜೈಲು. ಖಾಲಿ ಹಾಳೆ ಹಿಡಿದು ನಿಂತವರನ್ನೂ ಪೊಲೀಸರು ಎಳೆದುಕೊಂಡು ಹೋದರು. ಹಾಳೆಯಲ್ಲಿ ಏನೂ ಬರೆದಿರಲಿಲ್ಲ, ಆದರೂ ಅವರಿಗೆ ಓದಲು ಬಂತು! ಮಾಸ್ಕೋದಲ್ಲಿ ಅಲೆಕ್ಸಿ ಗೊರಿನೊವ್ ಅನ್ನುವ ಕೌನ್ಸಿಲರ್ ಇದ್ದರು. ವಾರ್ಡಿನಲ್ಲಿ ಮಕ್ಕಳ ಚಿತ್ರಕಲಾ ಸ್ಪರ್ಧೆ ಇಡೋಣ ಅಂತ ಸಭೆಯಲ್ಲಿ ಮಾತು ಬಂತು. ಉಕ್ರೇನ್‌ನಲ್ಲಿ ಮಕ್ಕಳು ಸಾಯುತ್ತಿದ್ದಾರೆ, ಎಂಥ ಸ್ಪರ್ಧೆ ಅಂತ ಅವರು ಕೇಳಿದರು. ಏಳು ವರ್ಷ ಜೈಲು.

ಅದೇ ವರ್ಷ ಡಿಸೆಂಬರ್‌ನಲ್ಲಿ ಪುಟಿನ್ ತಾವೇ ಬಾಯಿಬಿಟ್ಟು 'ಯುದ್ಧ' ಅಂದರು. ಸೇಂಟ್ ಪೀಟರ್ಸ್‌ಬರ್ಗ್‌ನ ಒಬ್ಬ ಕೌನ್ಸಿಲರ್, ಸ್ವಾಮಿ ಇವರ ಮೇಲೂ ಕೇಸು ಹಾಕಿ ಅಂತ ದೂರು ಕೊಟ್ಟರು. ಪುಟಿನ್ ಇನ್ನೂ ಹೊರಗೇ ಇದ್ದಾರೆ. ದೊಡ್ಡವರ ಬಾಯಲ್ಲಿ ಬಂದರೆ ಅದು ಬರೀ ಪದ.

ಆ 'ಯುದ್ಧ ಅಲ್ಲದ್ದು' ಶುರುವಾಗಿ ಆರನೇ ದಿನ, ಉಕ್ರೇನ್‌ನ ಖಾರ್ಕಿವ್‌ನಲ್ಲಿ ಮೆಡಿಕಲ್ ಓದುತ್ತಿದ್ದ ನಮ್ಮ ಹಾವೇರಿ ಜಿಲ್ಲೆಯ ಹುಡುಗ ದಿನಸಿಗೆ ಅಂತ ಅಂಗಡಿ ಮುಂದೆ ಕ್ಯೂ ನಿಂತಿದ್ದ. ಹೆಣವಾಗಿ ಬಂದ. ಆಮೇಲೆ 2024ರಲ್ಲಿ ಕಲಬುರಗಿಯ ಹುಡುಗರ ಸುದ್ದಿ ಬಂತು. ತಾತಂದಿರು ಪೊಲೀಸ್ ಆ್ಯಕ್ಷನ್ ನೋಡಿದ ಅದೇ ಕಲಬುರಗಿ. ರಷ್ಯಾದಲ್ಲಿ 'ಸೆಕ್ಯುರಿಟಿ ಹೆಲ್ಪರ್' ಕೆಲಸ ಅಂತ ಏಜೆಂಟರು ಕರೆದುಕೊಂಡು ಹೋಗಿದ್ದರು. ಸೆಕ್ಯುರಿಟಿ ಅಂದರೆ ನಮಗೆ ಗೊತ್ತಿರುವುದು ಅಪಾರ್ಟ್‌ಮೆಂಟ್ ಗೇಟು, ರಿಜಿಸ್ಟರ್ ಪುಸ್ತಕ, ದಾರ ಕಟ್ಟಿದ ಪೆನ್ನು. ಹುಡುಗರನ್ನು ಗಡಿಗೆ ಒಯ್ದು ಕೈಗೆ ಬಂದೂಕು ಕೊಟ್ಟರು. ಅವರು ಹೇಗೋ ಆ ಸೆಪ್ಟೆಂಬರ್‌ನಲ್ಲಿ ಊರಿಗೆ ಬಂದರು. ಹಾಗೆ ಹೋದ ಎಲ್ಲ ಭಾರತೀಯರೂ ಬರಲಿಲ್ಲ.

ಹೀಗೆ ಹೋದವರಿಂದ ಸಹಿ ಹಾಕಿಸಿಕೊಂಡ ಕಾಗದ ರಷ್ಯನ್ ಭಾಷೆಯಲ್ಲಿತ್ತಂತೆ. ಓದಲು ಬಂದಿದ್ದರೂ ಏನೂ ಪ್ರಯೋಜನ ಆಗುತ್ತಿರಲಿಲ್ಲ ಬಿಡಿ. ಅದರಲ್ಲಿ ಯುದ್ಧ ಅನ್ನುವ ಪದ ಇರಲಿಕ್ಕಿಲ್ಲ. ಇದ್ದಿದ್ದರೆ ಟೈಪ್ ಮಾಡಿದ ಗುಮಾಸ್ತನೇ ಒಳಗೆ ಹೋಗುತ್ತಿದ್ದ.